ಸಾವಿನ ದರ ಬಿಟ್ಟ ತೊಟ್ಟಿ

ಪ್ರಯೋಗಾಲಯದ ಮೀನುಗಳು ತೊಟ್ಟಿಗೆ ಅಂಟಿಸಿದ ಸಮೀಕರಣದಂತೆಯೇ ಬದುಕುವುದು ಈಗ ಯಾರಿಗೂ ಸೋಜಿಗವಲ್ಲ. ಬಿ.ಎಸ್ಸಿ. ಎರಡನೇ ವರ್ಷದ ಜೀವಶಾಸ್ತ್ರದ ಮಕ್ಕಳಿಗೆ ಹುಲಮನಿ ಮೇಡಂ ಗಣಿತ ಕಲಿಸುವುದೂ ಹಾಗೆಯೇ. ಬರೆದು ಅಂಟಿಸಬೇಕು, ವಾರ ಬಿಟ್ಟು ಮೀನು ಎಣಿಸಬೇಕು, ತಾಳೆಯಾದರೆ ಪೂರ್ತಿ ಅಂಕ.

ಶಾಂಭವಿಯ ತೊಟ್ಟಿಯ ಮುಂದೆ ಮಾತ್ರ ಅವರ ಕೆಂಪು ಪೆನ್ನು ನಿಂತುಬಿಟ್ಟಿತು. ಸಮೀಕರಣದಲ್ಲಿ ಹುಟ್ಟಿನ ದರ ಇತ್ತು, ಸಾವಿನ ದರ ಇರಲಿಲ್ಲ.

"ಮರ್ತಿಯೇನವ್ವಾ?"

"ಇಲ್ರಿ ಮೇಡಂ, ಬೇಕಂತಲೇ ಬಿಟ್ಟೀನಿ. ಆ ಹರಕು ಬಾಲದ ಮೀನ ಐತಲ್ರಿ, ಮುದುಕಿ ಆಗೈತ್ರಿ. ಲೆಕ್ಕ ತಾಳೆ ಆಗೈತಿ, ಬೇಕಾದ್ರ ಎಣಿಸಿ ನೋಡ್ರಿ."

ಲೆಕ್ಕವೇನೋ ತಾಳೆಯಾಗಿತ್ತು. ಆದರೂ ಮೇಡಂ ಗಾಜಿನ ಹತ್ತಿರ ಬಗ್ಗಿ ನೋಡಿದರು. ತೊಟ್ಟಿಯಲ್ಲಿ ನೀರಿಗಿಂತ ಮೀನೇ ಹೆಚ್ಚಾಗಿತ್ತು. ಒಂದೂ ಸತ್ತಿರಲಿಲ್ಲ, ಒಂದಕ್ಕೂ ಹೊರಳಲು ಜಾಗವಿರಲಿಲ್ಲ.

"ಆ ಮುದುಕಿ ಮಾರಿ ನೋಡು," ಎಂದರು.

ಹರಕು ಬಾಲದ್ದು ಗಾಜಿಗೆ ಆತುಕೊಂಡು ಬಾಯಿ ಬಿಡುತ್ತಿತ್ತು.

"ಬೇರೆ ತೊಟ್ಟಿಗೆ ಬಿಡ್ಲೇನ್ರಿ?"

"ಉಳಿದ ಎಲ್ಲಾ ತೊಟ್ಟಿಗೂ ಸಾವಿನ ದರ ಬರದೈತಲ್ಲವ್ವಾ."

ಶಾಂಭವಿ ಮೇಡಂ ಕೈಯಿಂದ ಪೆನ್ನು ಇಸಿದುಕೊಂಡು ಬರೆದಳು: ಸಾವಿನ ದರ, ವಾರಕ್ಕೆ ನೂರರಲ್ಲಿ ಒಂದು.

"ಯಾವ ಮೀನು ಅಂತ ಬರಿಯಾಕ ಬರಂಗಿಲ್ಲೇನ್ರಿ?"

ಹದಿನೆಂಟು ವರ್ಷ ಇದೇ ಪಾಠ ಮಾಡಿದ ಮೇಡಂ ಒಮ್ಮೆ ಕರಿಹಲಗೆಯತ್ತ ನೋಡಿದರು.

"ಇಲ್ಲವ್ವಾ. ಎಷ್ಟು ಅಂತಷ್ಟ ಬರಿಯಾಕ ಬರತೈತಿ."

ಲೆಕ್ಕದ ಕಣ್ಣಿಗೆ ಬೀಳದಿರಲಿ ಎನ್ನುವಂತೆ ಶಾಂಭವಿ ಆ ಮೀನಿನ ನೇರಕ್ಕೆ ಗಾಜಿನ ಮೇಲೆ ಅಂಗೈ ಇಟ್ಟು ಮುಚ್ಚಿದಳು. ಬಾಲ ಇನ್ನೂ ಹೊರಗೆ ಕಾಣುತ್ತಿತ್ತು. ಮೇಡಂ ಅಂಕದ ಜಾಗ ಖಾಲಿ ಬಿಟ್ಟು, ತಮ್ಮದೂ ಒಂದು ಅಂಗೈಯನ್ನು ಅವಳದರ ಪಕ್ಕ, ಬಾಲದ ನೇರಕ್ಕೆ ಇಟ್ಟರು.