ನಲವತ್ತೇಳನೆಯ ಸದಸ್ಯ

"ಸಿಕ್ತು! ನಂಬರ್ ನಲವತ್ತೇಳು! ನೋಡವಾ ಪ್ರತಿಭಾ, ನಾ ಹೇಳಿದ್ದಿಲ್ಲೇನು?" ಶಶಿಕಾಂತ್ ಸತ್ಯಮಿತ್ರ ಲ್ಯಾಪ್‌ಟಾಪಿನ ಮುಂದೆ ತೊಡೆ ತಟ್ಟಿಕೊಂಡರು. ಪರದೇಶದ ಶ್ಯಾಂಟಿಲಿ ಊರಿನ ಆ ಮನೆಯಲ್ಲಿ ಭಾನುವಾರದ ಊಟ ಮೇಜಿನ ಮೇಲೆಯೇ ಆರುತ್ತಿತ್ತು. ತೆರೆಯ ಮೇಲಿದ್ದದ್ದು ಬಳ್ಳಾರಿ ಸೀಮೆಯ ಹಳೆಯ ಮಿಷನ್ ಸಭೆಯೊಂದರ ಸದಸ್ಯರ ರಿಜಿಸ್ಟರು, ಅವರ ವಂಶದ ಮೊದಲ ಕ್ರೈಸ್ತ ಸಭೆಗೆ ಸೇರಿದ ೧೮೫೮ನೇ ಇಸವಿಯ ಪುಟ.

ಆ ಪುಟಕ್ಕಾಗಿ ಪ್ರತಿಭಾ ಲಂಡನ್ನಿನ ಗ್ರಂಥಭಂಡಾರವೊಂದಕ್ಕೆ ಐದು ತಿಂಗಳಿಂದ ಬರೆದೂ ಬರೆದೂ ಬೇಸತ್ತಿದ್ದಳು. ರಾಲಿ ಊರಿನ ಅವಿನಾಶನನ್ನು ಮದುವೆಯಾಗುತ್ತೇನೆ ಎಂದು ಅವಳು ಹೇಳಿದ ದಿನ ಅಪ್ಪ ಒಡ್ಡಿದ ಸವಾಲು ಅದು. "ಅವರು ಕೇರಿಯಿಂದ ಬಂದ ಕ್ರೈಸ್ತರು. ನಾವು ಲಿಂಗವಂತರಿಂದ ಬಂದವರು. ಅಲ್ಲ ಅಂತ ರೆಕಾರ್ಡ್ ತೋರ್ಸು, ಮರುದಿನಾನೇ ಎಸ್ ಅಂತೀನಿ." ಆ ಹುಡುಗನೋ, ತಿಂಗಳಿಗೊಮ್ಮೆ ನಡೆಯುವ ಕನ್ನಡ ಆರಾಧನೆಗೆ ನಾಲ್ಕು ತಾಸು ಕಾರು ಓಡಿಸಿಕೊಂಡು ಬರುವವನು. ಅದೇ ಕೀರ್ತನೆಯ ಪುಸ್ತಕ, ಅದೇ ಬೆಂಚು. ಸಮುದ್ರ ದಾಟುವಾಗ ಉಪ್ಪಿನಕಾಯಿ ಡಬ್ಬಿಯನ್ನಾದರೂ ಕಸ್ಟಮ್ಸಿನವರು ಬಿಚ್ಚಿ ನೋಡುತ್ತಾರೆ, ಈ ಜಾತಿಯನ್ನು ಹಿಡಿದು ಹಿಂದಕ್ಕೆ ಕಳಿಸುವವರು ಒಬ್ಬರೂ ಇಲ್ಲವಲ್ಲ!

"ಹಿಂದಿನ ಹೆಸರು ಗುರುಶಾಂತಪ್ಪ. ಜಾತಿ ಲಿಂಗವಂತ. ಓದಿದ್ಯಾ? ಪಾದ್ರಿ ತನ್ನ ಕೈಯಾರೆ ಬರದಾನ. ಇನ್ನೇನು ಪ್ರೂಫ್ ಬೇಕು? ಅವಿನಾಶನ ಅಪ್ಪಗ ಇದನ್ನ ಈಗಲೇ ಕಳಸು. ಬೈದಂಗ ಬ್ಯಾಡ, ನಾಜೂಕಾಗಿ. ಅವರಿಗೇ ತಿಳೀತೈತಿ."

ಪ್ರತಿಭಾಳಿಗೆ ಮೈಯೆಲ್ಲ ಉರಿಯಿತು. "ಪಪ್ಪಾ, ಮುಂಜಾನೆ ಆರಾಧನ್ಯಾಗ ಕರ್ತನ ರೊಟ್ಟಿ ಮುರದು ಅವಿನಾಶನ ಕೈಯಾಗ ಇಟ್ಟವರು ಯಾರು? ನೀವೇ ಅಲ್ಲೇನ್ರಿ?"

"ಅದು ಚರ್ಚವಾ. ಇದು ಮನಿ."

ಎಷ್ಟು ಸಲೀಸಾಗಿ ಹೇಳಿಬಿಟ್ಟರು! ಸಭೆಯ ಹಿರಿಯರು, ಊರಿಗೆಲ್ಲ ಪ್ರಾರ್ಥನೆ ಮಾಡುವವರು. ಅವಳು ಹಲ್ಲು ಕಚ್ಚಿಕೊಂಡು ಕೊನೆಯ ಕಾಲಮ್ಮಿಗೆ ಬೆರಳು ತೋರಿಸಿದಳು. "ಹಂಗಾದ್ರ ಷರಾನೂ ಓದ್ರಿ." ಅಲ್ಲಿ ಅಕ್ಷರಗಳು ಇರುವೆ ಸಾಲಿನಂತೆ ಒತ್ತೊತ್ತಾಗಿದ್ದವು. ಶಶಿಕಾಂತ್ ಕನ್ನಡಕ ಒರೆಸಿದರು, ಕಣ್ಣು ಕಿರಿದು ಮಾಡಿದರು, ಕೊನೆಗೆ ನೀನೇ ಓದು ಎಂದರು. ಪ್ರತಿಭಾ ಒಂದೊಂದೇ ಪದ ಬಿಡಿಸಿ ಗಟ್ಟಿಯಾಗಿ ಓದಿದಳು:

"ಇವನು ಮೂರು ಸಾರಿ ಪ್ರೇಮಭೋಜನದಿಂದ ಎದ್ದು ಹೋದನು. ನಾಲ್ಕನೆಯ ಸಾರಿ ಹೊಲಗೇರಿಯ ಮಲ್ಲಮ್ಮನು ಬೇಯಿಸಿದ ಅನ್ನವನ್ನು ಅವಳ ಸಂಗಡ ಕೂತು ಉಂಡನು. ಅದೇ ದಿನ ಸತ್ಯಮಿತ್ರನೆಂದು ಹೆಸರಿಟ್ಟು ಸಭೆಯಲ್ಲಿ ಸೇರಿಸಿಕೊಂಡೆವು."

ಆಳುವ ದೊರೆಗಳ ಸರ್ಕಾರಿ ಚರ್ಚಿಗೇ ಸೊಪ್ಪು ಹಾಕದೆ ಬೇರೆ ನಿಂತ ಪಂಗಡದ ಪಾದ್ರಿಗಳು ಅವರು, ಜಾತಿಗೆ ಹಾಕುತ್ತಾರೆಯೇ? ಪ್ರೇಮಭೋಜನವೆಂಬ ಆ ಸಹಪಂಕ್ತಿಯಲ್ಲಿ ಎಲ್ಲರ ಜೊತೆ ಕೂತು ಉಣ್ಣದವನಿಗೆ ಅವರ ಸಭೆಯಲ್ಲಿ ಜಾಗವಿರಲಿಲ್ಲ. ಶಶಿಕಾಂತರ ಮುಖ ಕೆಂಪೇರಿತು.

"ಬರಗಾಲ ಇದ್ದೀತು," ಎಂದರು. "ಪಾಪ, ಹಸದಿರಬೇಕು."

"ಹಸದಾಂವ ಮೂರು ಸಾರಿ ಎದ್ದು ಹೋಗ್ತಾನೇನ್ರಿ?"

ಶಶಿಕಾಂತ್ ಷರಾದ ಕಾಲಮ್ಮಿಗೆ ಬೆರಳು ಮಾಡಿದರು. ತರಕಾರಿಯಲ್ಲಿ ಕೊಳೆತ ಭಾಗ ತೆಗೆಯಲು ಹೇಳುವ ದನಿಯಲ್ಲಿ, "ಅದನ್ನ ಕ್ರಾಪ್ ಮಾಡು. ಜಾತಿ ಕಾಲಮ್ ತನಕ ಇರಲಿ. ಮುಂದಿಂದು ಅವರಿಗೆ ಯಾಕ ಬೇಕು?" ಎಂದರು.

"ನಾ ಮಾಡಂಗಿಲ್ಲ!" ಪ್ರತಿಭಾ ಎದ್ದೇ ನಿಂತಳು. ಅಪ್ಪನ ಮುಂದೆ ಇಷ್ಟು ಎತ್ತರದ ದನಿಯಲ್ಲಿ ಅವಳು ಎಂದೂ ಮಾತಾಡಿದವಳಲ್ಲ. "ಅಜ್ಜ ಉಗುಳಿ ಬಂದದ್ದನ್ನ ನೂರಾ ಅರವತ್ತು ವರ್ಷ ಆದಮ್ಯಾಲೆ ನೀವು ನೆಕ್ಕಾಕ ಹೊಂಟೀರಲ್ಲ, ನಾಚಿಕಿ ಬರಂಗಿಲ್ಲೇನ್ರಿ ಪಪ್ಪಾ? ಆ ಮನಶಾ ನಾಕನೇ ಸಲ ಕುಂತಾಗ ಅವನ ಎದಿ ಎಷ್ಟು ಹೊಡಕೊಂಡಿರಬೇಕು. ಅವನ ಊರು, ಅವನ ಮಂದಿ, ಎಲ್ಲಾ ಬಿಟ್ಟು ಕುಂತಾನ!"

"ನೀ ಮಾಡದಿದ್ರ ಬಿಡು, ನನಗೂ ಬರ್ತೈತಿ," ಎಂದು ಶಶಿಕಾಂತ್ ಮೌಸನ್ನು ತಾವೇ ಹಿಡಿದರು. ತೆರೆಯ ಮೇಲಿನ ಗೆರೆಯನ್ನು ಬಲದಿಂದ ಎಡಕ್ಕೆ ಎಳೆದರು. ಷರಾ ಹೋಯಿತು. ಇನ್ನಷ್ಟು ಎಳೆದು, ಸರಿಯಾಗಿ ಜಾತಿಯ ಕಾಲಮ್ಮಿನ ಅಂಚಿಗೆ ತಂದು ಒತ್ತಿದರು. ಆ ಸಾಲಿನಲ್ಲಿ ಮೂರು ಮಾತು ಉಳಿದವು: ನಲವತ್ತೇಳು, ಗುರುಶಾಂತಪ್ಪ, ಲಿಂಗವಂತ. ಅವಿನಾಶನ ತಂದೆಯ ವಿಳಾಸವನ್ನೂ ಅವರೇ ಹಾಕಿದರು. ಇನ್ನು ಕಳಿಸುವುದೊಂದು ಬಾಕಿ.

ಪ್ರತಿಭಾ ತೆರೆಯನ್ನು ನೋಡಿದಳು. ಸಭೆಗೆ ಸೇರಿದ ಮಾತಿಲ್ಲ, ಸತ್ಯಮಿತ್ರ ಎಂಬ ಹೆಸರಿಲ್ಲ; ಅಜ್ಜ ಕ್ರೈಸ್ತನೇ ಆಗಿಲ್ಲ. ಅವಳಿಗೆ ಸಿಟ್ಟಿನಲ್ಲೂ ನಗು ಬಂತು.

"ಕಳಸ್ರಿ ಪಪ್ಪಾ, ಕಳಸ್ರಿ. ಅವರೇ ಈ ಸಂಬಂಧ ಬ್ಯಾಡ ಅಂತಾರ. ಸಭಿಗೆ ಸೇರದವರ ಮನೀ ಹೆಣ್ಣು ಅವರು ತರಂಗಿಲ್ಲಂತ."