ಮೂರನೆಯ ಗಾಡಿ

ಹನ್ನೆರಡು ಕೆಂಪು ಚುಕ್ಕೆ ಇಡದೆ, ಯಾರು ಏನೇ ಅಂದರೂ, ಆ ಕಣಿವೆಯ ನಕ್ಷೆಯನ್ನು ಕೋಣೆಯಿಂದ ಆಚೆ ಕಳಿಸುವುದಿಲ್ಲ ಎಂದು, ಎಲ್ಲರೂ ನಕ್ಷೆ ಮಾಮ ಎಂದೇ ಕರೆಯುವ ಹಳೇ ನಕ್ಷೆಗಾರರು ತಮ್ಮ ಸೋದರಮಾವನಿಗೆ ಮಾತು ಕೊಟ್ಟು ಇಪ್ಪತ್ತೆಂಟು ವರ್ಷವಾಗಿತ್ತು. ಸೈನ್ಯದ ನಕ್ಷೆ ಕೋಣೆಯಲ್ಲಿ ಅವರಿಗೆ ಕೈಹಿಡಿದು ಕೆಲಸ ಕಲಿಸಿದವನು ಆ ಸೋದರಮಾವನೇ. ಹಿಂದಿನ ಯುದ್ಧದಲ್ಲಿ ಕಣಿವೆಯ ಜೌಗು ಅವನ ಒಡಹುಟ್ಟಿದ ತಮ್ಮನನ್ನು ನುಂಗಿತ್ತು. ಚುಕ್ಕೆಗಳು ಆ ಜೌಗಿನ ಗುರುತು.

ಇವತ್ತು ಬೆಳಿಗ್ಗೆ ಕಮಾಂಡರ್ ಒಬ್ಬರೇ ಬಂದರು. ಟೋಪಿ ತೆಗೆದು, ಶಾಯಿ ಸೀಸೆಗಳನ್ನು ಪಕ್ಕಕ್ಕೆ ಸರಿಸಿ, ಮಾಮನ ಸ್ಟೂಲಿನ ಮೇಲೆಯೇ ಕೂತರು. ಕಣಿವೆಯಿಂದ ವಾಪಸಾಗಿ ನಾಲ್ಕು ದಿನವಾಗಿದ್ದರೂ ಬೂಟಿನ ಹೊಲಿಗೆಯಲ್ಲಿ ಕೆಸರು ಒಣಗಿ ಕೂತಿತ್ತು.

"ಆ ಹಳೇ ಯುದ್ಧದ ಫೈಲು ಇತ್ತಲ್ಲ ಮಾಮ, ಕೊಡಿ."

ಮಾಮ ಬೀರುವಿನ ಮೇಲಿಂದ ಇಳಿಸಿ ಕೊಟ್ಟರು. ಹೋದ ತಿಂಗಳೂ ಇದನ್ನೇ ಎದುರಿಗೆ ಹಿಡಿದಿದ್ದರು. ಆಗ ಕಮಾಂಡರ್ ಅದನ್ನು ಬಿಚ್ಚಲೂ ಇಲ್ಲ. "ಕುದುರೆ ಗಾಡಿ ಕಾಲದ ಯುದ್ಧ ಓದಿ ಟ್ಯಾಂಕು ಓಡಿಸೋಕಾಗುತ್ತಾ ಮಾಮ? ಮೊದಲು ಈ ಚುಕ್ಕೆ ತೆಗೀರಿ. ನಕ್ಷೆಗೆ ಸಿಡುಬು ಎದ್ದ ಹಾಗಿದೆ" ಎಂದಿದ್ದರು. ಕೋಣೆಯಲ್ಲಿದ್ದ ಅಧಿಕಾರಿಗಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಮಾಮನೂ ನಕ್ಕರು. ನಕ್ಕು, ಚುಕ್ಕೆಯಿಲ್ಲದ ಹೊಸ ನಕ್ಷೆ ಬರೆದುಕೊಟ್ಟರು.

ಈಗ ಕಮಾಂಡರ್ ಸಾಲಿನ ಮೇಲೆ ಬೆರಳಿಟ್ಟು ಓದಿದರು: "ನೆಲ ನೋಡಲು ಗಟ್ಟಿ. ಎರಡು ಗಾಡಿ ದಾಟುತ್ತವೆ. ಮೂರನೆಯದಕ್ಕೆ ಬಾಯಿ ಬಿಡುತ್ತದೆ."

ಬೆರಳು ಅಲ್ಲೇ ನಿಂತಿತು.

"ನಾನು ಕಣ್ಣು ಮುಚ್ಚಿಕೊಂಡು ಕಳಿಸಲಿಲ್ಲ ಮಾಮ. ಎರಡು ಟ್ಯಾಂಕು ಮುಂದೆ ಬಿಟ್ಟು ನೋಡಿದೆ. ಆರಾಮಾಗಿ ದಾಟಿದ್ವು. ಆಮೇಲೇ ಉಳಿದೋರಿಗೆ ಹೊರಡಿ ಅಂದಿದ್ದು."

ಉಳಿದವರು ಕೆಸರಲ್ಲಿ ಹೂತುಕೊಂಡರು. ಹಿಂದೆ ಬರಲಾರದೆ, ಮುಂದೆ ಹೋಗಲಾರದೆ, ಎದುರು ಗುಡ್ಡದ ಫಿರಂಗಿಗಳಿಗೆ ಗುರಿಹಲಗೆಯಾದರು. ಮೂವತ್ತೊಂದು ಜನ.

"ಒಂದು ಪುಟ," ಎಂದರು ಕಮಾಂಡರ್. "ಒಂದು ಲೋಟ ಟೀ ಕುಡಿಯೋಷ್ಟು ಹೊತ್ತಿನ ಓದು. ನೀವಾದ್ರೂ ಗದರಿಸಿ ಹೇಳಬಾರದಿತ್ತಾ?"

"ಹೇಳಿದ್ದೆ ಸಾರ್. ಒಂದು ಸಲ."

"ಇನ್ನೊಂದು ಸಲ ಹೇಳಬಹುದಿತ್ತಲ್ಲ."

"ಎಲ್ಲರೂ ನಗ್ತಾ ಇದ್ರು ಸಾರ್. ನಂಗೂ ನಾಚಿಕೆ ಆಗೋಯ್ತು."

ಕಮಾಂಡರ್ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಇಪ್ಪತ್ತೆಂಟು ವರ್ಷ ಉಳಿಸಿಕೊಂಡಿದ್ದ ಮಾತನ್ನು ಮಾಮ ಒಂದು ನಗೆಗೆ ಹೆದರಿ ಮುರಿದಿದ್ದರು.