ಫ್ರಾಂಕರ ಬಕಲ್

ರೂಪೇಶ ಒಳಗೆ ಬಂದವನೇ, ಚಪ್ಪಲಿಯನ್ನೂ ಬಿಡದೆ, ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ ಬೆಲ್ಟಿನ ಬಕಲ್‌ಗಳನ್ನು ಎಣಿಸತೊಡಗಿದ. ಇಪ್ಪತ್ತೊಂದು. ಲೆಕ್ಕ ಸರಿಯಿತ್ತು. ಆದರೆ ಎಲ್ಲವೂ ಥಳಥಳ ಹೊಳೆಯುತ್ತಿದ್ದವು.

"ಎಂತಾ ಗಡಬಿಡಿ ಮಾರಾಯಾ? ಕುಂತ್ಕೋ," ಎಂದರು ತುಳಸಿದಾಸ ಶೇಟ್. ಅಂಕೋಲೆಯ ಹಳೆಯ ಅಕ್ಕಸಾಲಿಗರು, ರೂಪೇಶನ ಸೋದರಮಾವ. ತಂದೆಯಿಲ್ಲದ ಅವನನ್ನು ಓದಿಸಿ, ಬೈತಖೋಲ ಬಂದರಿನಲ್ಲಿ ಸರಕು ಸಾಗಿಸುವ ಕಚೇರಿಯೊಂದಕ್ಕೆ ಸೇರಿಸಿದವರೂ ಅವರೇ.

"ಕೂರೂಕೆ ಟೈಮಿಲ್ಲ ಮಾಮಾ. ಮಧ್ಯಾಹ್ನದೊಳಗೆ ಪಾರ್ಸೆಲ್ ಹೋಗ್ಬೇಕು."

ತಿಂಗಳ ಹಿಂದೆ ಅವನು ಮಾವನ ಕೈಗೆ ಒಂದು ಕರಿಹಿಡಿದ ಬಕಲ್ ಕೊಟ್ಟಿದ್ದ. ಕಬ್ಬಿಣದ ಮೇಲೆ ಬೆಳ್ಳಿ ತಂತಿ ಕೂರಿಸಿ ಬಿಡಿಸಿದ, ಒಂದನ್ನೊಂದು ಕಚ್ಚಿ ಹೆಣೆದುಕೊಂಡ ಹಾವುಗಳು. ಗೋವೆಯ ಪೇಟೆಯಲ್ಲಿ ಸಿಕ್ಕ ಅಗ್ಗದ ಮಾಲು, ಇಂಥವೇ ಇಪ್ಪತ್ತು ಬೇಕು ಎಂದಿದ್ದ. ನಿಜ ಬೇರೆಯೇ ಇತ್ತು. ಅದು ಫ್ರಾನ್ಸನ್ನು ಫ್ರಾಂಕರು ಆಳುತ್ತಿದ್ದ ಕಾಲದ್ದು, ಅಲ್ಲಿನ ಮ್ಯೂಸಿಯಮ್ಮೊಂದರಿಂದ ಕದ್ದದ್ದು. ಇಪ್ಪತ್ತು ನಕಲಿಗಳ ನಡುವೆ ಅಡಗಿ, ಕರಕುಶಲ ವಸ್ತುವಿನ ಹೆಸರಲ್ಲಿ ದುಬೈ ಸೇರಬೇಕಿತ್ತು.

"ಹಳೇದು ಎಲ್ಲಿ?"

ಮಾವ ಕನ್ನಡಕ ತೆಗೆದು ಒರೆಸಿಕೊಂಡರು. "ಅದು ಪೇಟೆ ಮಾಲೇ ಅಲ್ದಾ? ಬೇರೆ ಎಂತಾದ್ರೂ ಇದ್ರೆ ಈಗ್ಲೇ ಹೇಳು ರೂಪೇಶ. ನಾನು ಬೈಯೂದಿಲ್ಲ."

"ಪೇಟೆ ಮಾಲೇ. ಎಷ್ಟು ಸಲ ಹೇಳೂದು?"

ಮಾವ ಕನ್ನಡಕವನ್ನು ಮತ್ತೆ ಮೂಗಿಗೇರಿಸಿದರು. "ಹಂಗಾದ್ರೆ ಚಿಂತೆ ಇಲ್ಲ. ಪೂರಾ ತುಕ್ಕು ಹಿಡಿದಿತ್ತು. ಬೆಂಕಿಗೆ ಹಿಡ್ದು, ಆಸಿಡ್ಡಿಗೆ ಅದ್ದಿ, ಸವೆದ ತಂತಿಯೆಲ್ಲಾ ಕಿತ್ತು ಹೊಸತು ಕೂರ್ಸಿದೆ. ಇದ್ರಲ್ಲೇ ಒಂದು. ಯಾವ್ದು ಅಂತ ಈಗ ನನಗೂ ಗೊತ್ತಾಗೂದಿಲ್ಲ."

ರೂಪೇಶನ ಜೇಬಿನಲ್ಲಿ ಫೋನು ಒಂದೇ ಸಮ ಗುಂಯ್‌ಗುಡುತ್ತಿತ್ತು. ಒಂದೊಂದೇ ಬಕಲನ್ನು ಎತ್ತಿದ, ತಿರುವಿದ, ಉಗುರಿನಿಂದ ಕೆರೆದ, ಎಸೆದ.

"ಹಾಳು ಮಾಡಿಬಿಟ್ರಲ್ಲ ಮಾಮಾ! ಸಾವಿರದ ಮುನ್ನೂರು ವರ್ಷದ್ದು ಅದು! ಮ್ಯೂಸಿಯಮ್ಮಿಂದ ಎತ್ತಿದ್ದು! ದುಬೈಯವರು ನನ್ನ ಜೀವ ತೆಗೀತಾರೆ!"

ತುಳಸಿದಾಸರ ಕಣ್ಣು ತುಂಬಿ ಬಂತು. "ಇಪ್ಪತ್ತೊಂದೂ ನಾನೇ ಮಾಡಿದ್ದು. ಹಳೇದಕ್ಕೆ ಏನೂ ಆಗ್ಲಿಲ್ಲ," ಎಂದವರು ಒಳಕೋಣೆಯತ್ತ ತಿರುಗಿದರು.

"ಬನ್ನಿ ಇನ್ಸ್‌ಪೆಕ್ಟರ್ ಸಾಹೇಬ್ರೇ, ನೀವು ಹೇಳಿದ್ದೇ ಖರೆ... ಇವನಿಗೆ ಎಲ್ಲಾ ಗೊತ್ತಿತ್ತು."